ಬೂದಿಮಾವ ಆರಿಸಿದ ಬೆಂಕಿ

ಬೆಂಕಿ ಹಚ್ಚುವವರಿಗೆ ಊರಲ್ಲಿ ಹೆಸರಿದೆ. ಅಡುಗೆಯವರು, ಕಮ್ಮಾರರು, ಇಟ್ಟಿಗೆ ಸುಡುವವರು ಎಂದರೆ ಮಕ್ಕಳಿಗೂ ಗೊತ್ತು. ಬೆಂಕಿ ಆರಿಸುವುದೇ ಕೆಲಸವಾದವನನ್ನು ಏನೆಂದು ಕರೆಯುವುದು? ಕಚೇರಿಯಲ್ಲಿ ಅವನಿಗೊಂದು ಉದ್ದನೆಯ ಹುದ್ದೆಯ ಹೆಸರಿತ್ತು. ಅದನ್ನು ಪೂರ್ತಿ ಹೇಳುವಷ್ಟು ಪುರಸೊತ್ತು ಯಾರಿಗೂ ಇರಲಿಲ್ಲ. ಬೀದಿಯವರು ಬೂದಿಮಾವ ಎಂದರು, ಅದೇ ನಿಂತಿತು.

ಬೇಸಿಗೆ ಶುರುವಾದರೆ ಅವನು ಕಾಡಿನ ಗುಡ್ಡದ ಮೇಲಿನ ಕಬ್ಬಿಣದ ಗೋಪುರ ಹತ್ತಿ ಕೂರುತ್ತಿದ್ದ. ಸುತ್ತ ಎಲ್ಲಾದರೂ ಹೊಗೆ ಎದ್ದರೆ ಗುರುತಿಸಬೇಕು, ಕೆಳಗಿನವರಿಗೆ ತಿಳಿಸಬೇಕು, ತಾನೂ ಇಳಿದು ಹೋಗಿ ಅವರ ಜತೆ ಸೊಪ್ಪಿನ ಕೊಂಬೆ ಹಿಡಿದು ಬಡಿಯಬೇಕು. ಬೆಂಕಿ ತಗ್ಗಿದ ಮೇಲೆ ಉಳಿದವರು ನೆರಳಿಗೆ ಹೋಗಿ ಕುಸಿದು ಕೂರುತ್ತಿದ್ದರು. ಅವನ ನಿಜವಾದ ಕೆಲಸ ಶುರುವಾಗುತ್ತಿದ್ದದ್ದು ಆಗ. ಬೂದಿಗೆ ನೀರು ಸುರಿಯುವುದು, ಕೋಲಿನಿಂದ ಕಲಕುವುದು, ಮತ್ತೆ ನೀರು, ಮತ್ತೆ ಮಣ್ಣು. ಕೊನೆಗೆ ಕೈಯ ಹಿಂಬದಿಯನ್ನು ಬೂದಿಗೆ ತಾಗಿಸಿ ನೋಡುವುದು. ಅಂಗೈ ಕೆಲಸ ಮಾಡಿ ಮಾಡಿ ದಡ್ಡುಗಟ್ಟಿರುತ್ತದೆ, ಅದಕ್ಕೆ ಸಣ್ಣ ಬಿಸಿ ತಿಳಿಯುವುದಿಲ್ಲ. ಕೈಯ ಹಿಂಬದಿಯ ತೆಳು ಚರ್ಮ ಸುಳ್ಳು ಹೇಳುವುದಿಲ್ಲ. ನಡುವೆ, ಅಂಚಿನಲ್ಲಿ, ಕಲ್ಲಿನ ಬುಡದಲ್ಲಿ ಹೀಗೆ ಅಲ್ಲಲ್ಲಿ ಮುಟ್ಟಿ ನೋಡಿ, ಎಲ್ಲ ಕಡೆ ತಣ್ಣಗಿದ್ದರೆ ಗುಡ್ಡದ ಮೇಲೆ ನಿಂತವರಿಗೆ ಕೇಳುವಂತೆ ಕೂಗಬೇಕು: "ಆರಿತು!" ಎಲ್ಲಾದರೂ ಚೂರು ಬೆಚ್ಚಗಿದ್ದರೆ ಕೂಗು ಬೇರೆ: "ಇನ್ನೂ ಇದೆ!"

ಈ ಎರಡನೆಯ ಕೂಗು ಯಾರಿಗೂ ಬೇಡದ ಕೂಗು. ಅದು ಕೇಳಿದರೆ ಮೇಲೆ ಹೋದವರು ಬೈದುಕೊಳ್ಳುತ್ತ ನೀರಿನ ಡಬ್ಬ ಹೊತ್ತು ಮತ್ತೆ ಇಳಿಯಬೇಕು. ಯಾರೋ ಅರೆಬರೆ ಕೆಲಸ ಮಾಡಿದ್ದಾರೆ ಎಂದು ಅದರರ್ಥ. ಬೂದಿಮಾವ ಬೇರೆಯವರು ಆರಿಸಿದ ಬೆಂಕಿಯ ಮೇಲೆ ಕೈಯಿಟ್ಟು ಎಷ್ಟೋ ಸಲ "ಇನ್ನೂ ಇದೆ" ಎಂದು ಕೂಗಿ ಬೈಗುಳ ತಿಂದಿದ್ದ. ತಾನು ಆರಿಸಿದ್ದರ ಮೇಲೆ ಒಮ್ಮೆಯೂ ಕೂಗಿರಲಿಲ್ಲ. ಅವನಿಗಿದ್ದ ಹೆಮ್ಮೆ ಅದೊಂದೇ.

ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುತ್ತಾರೆ. ಕಲಿತ ಗುಣದ ಕಥೆಯೂ ಅಷ್ಟೇ. ಬೆಂಕಿಯ ಮುಂದಿನಿಂದ ಎದ್ದು ಒಂದು ಹೆಜ್ಜೆ ಇಡಬೇಕಾದರೂ ಮೊದಲು ಅದನ್ನು ಆರಿಸಬೇಕು ಎಂಬುದು ಅವರ ಕೆಲಸದ ಮೊದಲ ಪಾಠ. ಆ ಪಾಠ ಅವನ ತಲೆಯಿಂದ ಕೈಗೆ ಇಳಿದು ಅಲ್ಲೇ ಬಿಡಾರ ಹೂಡಿತ್ತು. ಒಮ್ಮೆ ನೆರೆಮನೆಯವರು ಸ್ನಾನಕ್ಕೆ ನೀರು ಕಾಯಿಸಲು ಹಚ್ಚಿದ್ದ ಒಲೆಯ ಪಕ್ಕ ನಿಂತು ಹರಟೆ ಹೊಡೆದವನು, ಹೊರಡುವಾಗ ಪಕ್ಕದಲ್ಲಿದ್ದ ಚೊಂಬಿನ ನೀರನ್ನು ಒಲೆಗೆ ಸುರಿದು, ಕಡ್ಡಿಯಿಂದ ಕಲಕಿ, "ಬರ್ತೀನಿ" ಎಂದು ನಡೆದೇಬಿಟ್ಟಿದ್ದ. ನೆರೆಯವರು ಅವತ್ತು ತಣ್ಣೀರು ಸ್ನಾನ ಮಾಡಿದರು. ಅವನ ಹೆಂಡತಿಯಂತೂ ಬಂದವರಿಗೆಲ್ಲ ಹೇಳುತ್ತಿದ್ದಳು: "ಇವ್ರ ಕೈಗೆ ಒಲೆ ಒಪ್ಪಿಸಿ ಹಿತ್ತಲಿಗೆ ಹೋದ್ರೆ, ಬರೋಷ್ಟರಲ್ಲಿ ಅನ್ನ ಹೋಗಿ ಮತ್ತೆ ಅಕ್ಕಿಯಾಗಿರುತ್ತೆ." ಹೇಳಿ ಸೆರಗು ಬಾಯಿಗೆ ಹಿಡಿದು ನಗುವಳು. ಅವನೂ ನಗುವನು.

ಆ ನಗು ಕಳೆದ ಬೇಸಿಗೆಯ ಕೊನೆಗೆ ನಿಂತಿತು. ಗೋಪುರದ ಪಕ್ಕದ ಗುಡಿಸಲಲ್ಲಿ ಅವನ ಜತೆಗಿದ್ದ ಹೆಂಡತಿಗೆ ಜ್ವರ ಬಂತು. ಮೊದಲು ಸಣ್ಣ ಜ್ವರ, ಆಮೇಲೆ ಇಳಿಯದ ಜ್ವರ. ಹೊತ್ತುಕೊಂಡು ಇಳಿಸಿ ಆಸ್ಪತ್ರೆಗೆ ಸೇರಿಸಿದರು. ಹಸಿರು ಬಣ್ಣ ಎದ್ದುಹೋದ ಕಬ್ಬಿಣದ ಮಂಚ, ತಲೆದೆಸೆಯಲ್ಲಿ ಮುಚ್ಚಳ ಹಾಕಿದ ನೀರಿನ ಲೋಟ, ಕಿಟಕಿಯಾಚೆ ಒಣಹಾಕಿದ ಬಿಳಿ ಹೊದಿಕೆಗಳು. ಮಂಚದ ಈಚೆ ಇವನು, ಆಚೆ ಅವಳ ತಮ್ಮ. ತಮ್ಮ ದರ್ಜಿ. ಅದೇ ಬೀದಿಯಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಅಂಗಡಿ. ಅಕ್ಕನೇ ಅವನನ್ನು ಸಾಕಿದ್ದು, ಅಕ್ಕನೇ ಅವನಿಗೆ ಸೂಜಿಗೆ ದಾರ ಪೋಣಿಸುವುದನ್ನು ಕಲಿಸಿದ್ದು.

ಒಂದು ಮಧ್ಯಾಹ್ನ ಅವಳ ಉಸಿರು ನಿಂತಂತೆ ಕಂಡಿತು. ನರ್ಸು ಇನ್ನೂ ಬಾಗಿಲ ಬಳಿ ಇದ್ದಳು. ಬೂದಿಮಾವ ಬಗ್ಗಿ ಕೈಯ ಹಿಂಬದಿಯನ್ನು ಹೆಂಡತಿಯ ಹಣೆಗಿಟ್ಟ. ಕುತ್ತಿಗೆಗಿಟ್ಟ. ಅಂಗೈಗಿಟ್ಟ. ಆಮೇಲೆ ನೆಟ್ಟಗೆ ನಿಂತು, ವಾರ್ಡಿನ ಆ ಕೊನೆಯ ಮಂಚದವರಿಗೂ ಕೇಳುವಂತೆ ಹೇಳಿದ: "ಆರಿತು."

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ದರ್ಜಿ ತಲೆಯೆತ್ತಿ ಭಾವನ ಮುಖ ನೋಡಿದ. ಆ ಮುಖದಲ್ಲಿ ಏನೂ ಇರಲಿಲ್ಲ. ಅಳು ಇಲ್ಲ, ಗಾಬರಿಯಿಲ್ಲ, ಕೆಲಸ ಮುಗಿಸಿದವನ ಮುಖ. ಮಣ್ಣು ಮಾಡಿ ಬಂದ ದಿನವೇ ದರ್ಜಿ ತನ್ನ ಹೆಂಡತಿಗೆ ಹೇಳಿದ: "ಅವ್ರಿಗೆ ನಮ್ಮಕ್ಕ ಒಂದು ಒಲೆ ಕಣೇ. ಉರಿಯೋ ತನಕ ಉರಿದ್ಲು, ಆರಿದ್ಲು." ಅಂದಿನಿಂದ ಅವನು ಭಾವನೊಡನೆ ಮಾತು ಬಿಟ್ಟ. ಹೇಳಲೇಬೇಕಾದ್ದಿದ್ದರೆ ಎದುರಿಗೇ ನಿಂತು, "ನಿನ್ನಣ್ಣನಿಗೆ ಹೇಳು" ಎಂದು ಹೆಂಡತಿಯ ಬಾಯಿಂದ ಹೇಳಿಸುತ್ತಿದ್ದ.

ಬೂದಿಮಾವನಿಗೆ ಅದೂ ತಟ್ಟಲಿಲ್ಲ ಎಂದರೆ ನಂಬಬೇಕು. ಏನೂ ತಟ್ಟುತ್ತಿರಲಿಲ್ಲ. ಏಳುತ್ತಿದ್ದ, ಅಂಗಳ ಗುಡಿಸುತ್ತಿದ್ದ, ಬಾಗಿಲ ಮುಂದೆ ಕೂರುತ್ತಿದ್ದ. ದರ್ಜಿಯ ಹೆಂಡತಿ ಮುಚ್ಚಿ ತಂದಿಟ್ಟ ತಟ್ಟೆಯನ್ನು ಖಾಲಿ ಮಾಡಿ ತೊಳೆದಿಡುತ್ತಿದ್ದ. ಒಂದು ದಿನ ಅವಳು ಸಾರಿಗೆ ಉಪ್ಪು ಹಾಕುವುದನ್ನೇ ಮರೆತು, ಮನೆಗೆ ಹೋಗಿ ತಾನು ತಿಂದಾಗ ತಿಳಿದು ಓಡಿ ಬಂದಳು. ತಟ್ಟೆ ಆಗಲೇ ತೊಳೆದಾಗಿತ್ತು. "ಉಪ್ಪು ಇರ್ಲಿಲ್ಲ ಅಲ್ವಾ ಅಣ್ಣ?" ಎಂದರೆ, "ಇರ್ಲಿಲ್ವಾ?" ಎಂದು ಅವನೇ ಕೇಳಿದ. ಕೈಕಾಲು ಮರಗಟ್ಟಿದರೆ ತಿಕ್ಕಬಹುದು. ಒಳಗೆ ಮರಗಟ್ಟಿದರೆ ಎಲ್ಲಿ ಅಂತ ತಿಕ್ಕುವುದು?

ಹೊಲಿಗೆ ಮಷಿನ್ನಿನ ಮಾತು ಎತ್ತಿದವಳೂ ಅವಳೇ. ಅಕ್ಕನಿಗೆಂದು ತಮ್ಮ ಕೊಟ್ಟಿದ್ದ ಕೈಮಷಿನ್ನು ಗುಡ್ಡದ ಗುಡಿಸಲಲ್ಲೇ ಉಳಿದಿತ್ತು. ಮಳೆಗಾಲ ಕಳೆದು ಚಳಿ ಬಿದ್ದಿತ್ತು. ಗೋಪುರದಲ್ಲಿ ಆ ಕಾಲಕ್ಕೆ ಯಾರೂ ಇರುವುದಿಲ್ಲ. "ಅತ್ತಿಗೆ ಮಷಿನ್ನು ತುಕ್ಕು ಹಿಡಿದು ಹೋಗುತ್ತೆ. ಇಬ್ರೂ ಹೋಗಿ ತನ್ನಿ. ದಾರಿಯಲ್ಲಾದ್ರೂ ಒಂದ್ ಮಾತಾಡ್ಕೊಳ್ಳಿ" ಎಂದು ಅವಳು ಇಬ್ಬರಿಗೂ ರೊಟ್ಟಿ ಕಟ್ಟಿಕೊಟ್ಟಳು. ದರ್ಜಿಗೆ ಮಷಿನ್ನು ಬೇಕಿತ್ತು, ದಾರಿ ಭಾವನಿಗೆ ಮಾತ್ರ ಗೊತ್ತಿತ್ತು. ಹೊರಟರು. ಮಾತಿನ ವಿಷಯ ಕೇಳಬೇಡಿ, ಮುಂದೆ ಒಬ್ಬ, ಹಿಂದೆ ಒಬ್ಬ.

ಕಾಡಿನ ಗೇಟಿನಲ್ಲಿ ಒಂದು ಪುಟ್ಟ ಕೋಣೆ. ಅದರ ಗೋಡೆಗೆ ಸಣ್ಣ ಸಣ್ಣ ಗೂಡುಗಳ ಹಲಗೆ ಹೊಡೆದಿದ್ದರು. ಒಳಗೆ ಹೋಗುವವರು ಬೆಂಕಿಪೊಟ್ಟಣವನ್ನು ಅಲ್ಲಿಟ್ಟು ಹೋಗಬೇಕು, ಬರುವಾಗ ತೆಗೆದುಕೊಳ್ಳಬೇಕು. ಗೇಟಿನವನು ಸಂಜೆ ಬೀಗ ಹಾಕುವ ಮುಂಚೆ ಆ ಹಲಗೆಯ ಕಡೆ ಒಮ್ಮೆ ಕಣ್ಣು ಹಾಯಿಸುತ್ತಾನೆ. ಬೂದಿಮಾವ ದರ್ಜಿಯತ್ತ ಕೈ ಚಾಚಿದ.

"ಬೆಂಕಿಪೊಟ್ಟಣ."

ಎಷ್ಟೋ ತಿಂಗಳ ಮೇಲೆ ಇಬ್ಬರ ನಡುವೆ ಬಂದ ಮೊದಲ ಮಾತು ಅದು. ದರ್ಜಿಗೆ ಮೈಯೆಲ್ಲ ಉರಿಯಿತು. "ಈ ಚಳೀಲಿ ಯಾವ ಕಾಡು ಸುಡುತ್ತೆ?" ಎಂದು ಗೇಟಿನವನನ್ನು ಕೇಳಿದ. ಗೇಟಿನವನು ನಕ್ಕು, "ನಿಮ್ಮ ಭಾವನ್ನೇ ಕೇಳಿ, ನಾನು ಬಿಟ್ರೂ ಅವ್ರು ಬಿಡಲ್ಲ" ಎಂದ. ಬೀಡಿ ಕಟ್ಟಿನ ಜತೆ ಪೊಟ್ಟಣವೂ ಗೂಡು ಸೇರಿತು.

ಮಳೆಗೆ ಗುಡ್ಡದ ಒಂದು ಮಗ್ಗುಲು ಜರಿದು ದಾರಿಯನ್ನೇ ನುಂಗಿತ್ತು. ಬೇರೆ ಯಾವತ್ತಾದರೂ ಬೂದಿಮಾವ ಅಲ್ಲಿಂದಲೇ ಹಿಂತಿರುಗುತ್ತಿದ್ದ. ಅವತ್ತು ಕಾಲು ತಾನಾಗಿ ಮುಂದೆ ನಡೆಯಿತು, ಅವನು ಅದರ ಹಿಂದೆ ಹೋದ. ಹಳ್ಳದ ಕಡೆಯಿಂದ ಬಳಸಿ ಹೋಗಬಹುದೆಂದು ಇಳಿದರು. ಸಡಿಲ ಕಲ್ಲಿನ ಮೇಲೆ ದರ್ಜಿ ಕಾಲಿಟ್ಟ, ಕಲ್ಲು ಜಾರಿತು, ಅವನು ಉರುಳುತ್ತ ಹೋಗಿ ಹಳ್ಳದ ತಳದ ಕಪ್ಪು ನೀರಿನ ಹೊಂಡಕ್ಕೆ ಬಿದ್ದ. ಎಳೆದು ದಡಕ್ಕೆ ಹಾಕಿದಾಗ ಅವನ ಬಲಗಾಲು ಮೊಣಕಾಲಿನ ಕೆಳಗೆ ಇರಬಾರದ ಕಡೆ ತಿರುಗಿತ್ತು. ನೀರಿನ ಬಾಟಲಿ ಬಂಡೆಗೆ ಬಡಿದು ಒಡೆದುಹೋಗಿತ್ತು. ರೊಟ್ಟಿಯ ಸ್ಟೀಲ್ ಡಬ್ಬಿ ಮಾತ್ರ ಉಳಿದಿತ್ತು.

ಬೂದಿಮಾವ ಎರಡು ಕೋಲಿಟ್ಟು ತನ್ನ ಟವೆಲಿನಿಂದ ಕಾಲು ಕಟ್ಟಿದ. ಆಮೇಲೆ ಸುತ್ತ ನೋಡಿದ. ಬಿಸಿಲು ಆಗಲೇ ಓರೆಯಾಗಿತ್ತು. ಹೊತ್ತುಕೊಂಡು ಆ ಜರಿದ ದಾರಿ ಹತ್ತಲು ಆಗದು. ಒಬ್ಬನೇ ಹೋಗಿ ಜನ ಕರೆಯೋಣವೆಂದರೆ, ಗೇಟು ಮುಟ್ಟುವುದರೊಳಗೆ ಕತ್ತಲಾಗುತ್ತದೆ. ಆ ಹಳ್ಳದ ಚಳಿ ಅವನಿಗೆ ಗೊತ್ತು. ಕಾಲು ಮುರಿದು ಮೈಯೆಲ್ಲ ಒದ್ದೆಯಾದವನನ್ನು ರಾತ್ರಿ ಒಬ್ಬನನ್ನೇ ಬಿಟ್ಟು ಹೋದರೆ ಬೆಳಗ್ಗೆ ಬಂದವರಿಗೆ ಹೊತ್ತು ಹೋಗಲು ಹೆಣ ಇರುತ್ತದೆ. ಬೆಂಕಿ ಬೇಕು, ಕುಡಿಯಲು ನೀರು ಬೇಕು, ಬೆಳಗಾಗುವ ತನಕ. ಅಷ್ಟೇ ಲೆಕ್ಕ. ಅವನು ತಲೆಯೆತ್ತಿದಾಗ ಗುಡ್ಡದ ತುದಿಯಲ್ಲಿ ಅವನದೇ ಗೋಪುರ ಕಾಣಿಸಿತು, ಖಾಲಿ. ಇಲ್ಲಿ ಹೊಗೆ ಎದ್ದರೆ ನೋಡಬೇಕಾದವನು ಇಲ್ಲೇ ಕೂತಿದ್ದ.

ದರ್ಜಿ ಹೊಂಡದತ್ತ ತೆವಳಿ ಕೈ ನೀಡಿದ.

"ಅದಕ್ಕೆ ಬಾಯಿ ಹಾಕ್ಬೇಡ."

"ಗಂಟಲು ಒಣಗ್ತಿದೆ."

"ಆ ಕಡೆ ನೋಡು."

ಹೊಂಡದ ಆಚೆ ಬದಿಯಲ್ಲಿ ಒಂದು ಜಿಂಕೆ ಅರ್ಧ ನೀರಲ್ಲಿ, ಅರ್ಧ ದಡದಲ್ಲಿ ಸತ್ತು ಊದಿಕೊಂಡಿತ್ತು. ನೊಣ ಮುತ್ತಿತ್ತು. ದರ್ಜಿ ಬೀಳುವಾಗ ಕುಡಿದದ್ದನ್ನು ನೆನೆದು ವಾಂತಿ ಮಾಡಿಕೊಂಡ.

ಬೂದಿಮಾವ ಹಳ್ಳದ ಮೇಲ್ಗಡೆಗೆ ನಡೆದ. ಹಳ್ಳ ತಿರುಗುವಲ್ಲಿ, ತಿರುವಿನ ಹೊರಮಗ್ಗುಲಿಗೆ ಮರಳು ಕಪ್ಪಗಿತ್ತು, ಮೇಲೆ ಒಂದು ಸಾಲು ಹಸಿರು ಹುಲ್ಲಿತ್ತು. ಡಬ್ಬಿಯ ಮುಚ್ಚಳದಿಂದ ತೋಡಿದ. ಮೊಣಕೈ ಆಳಕ್ಕೆ ಹೋಗುವಷ್ಟರಲ್ಲಿ ನೀರು ಒಸರಿತು. ಮೊದಲು ಬಂದ ರಾಡಿಯನ್ನು ಮೊಗೆದು ಚೆಲ್ಲಿದ. ಮತ್ತೆ ಕೂಡಿತು, ಮತ್ತೆ ಚೆಲ್ಲಿದ. ಆಮೇಲಿನದು ತಿಳಿಯಾಗಿತ್ತು. ಆದರೂ ಹಂದಿ ಹೊರಳುವ ಜಾಗ ಅದು, ತಿಳಿನೀರೆಲ್ಲ ಒಳ್ಳೆ ನೀರಲ್ಲ. ದರ್ಜಿಯ ಜೇಬಿನಲ್ಲಿ ಯಾವಾಗಲೂ ಇರುವ ಬಟ್ಟೆ ತುಂಡುಗಳಲ್ಲಿ ಒಂದನ್ನು ಮಡಿಸಿ ಸೋಸಿ ಡಬ್ಬಿ ತುಂಬಿಸಿದ. ಇದನ್ನು ಕುದಿಸಲೇಬೇಕು.

ಕುದಿಸಲು ಬೆಂಕಿ. ಬೆಂಕಿಪೊಟ್ಟಣ ಗೇಟಿನ ಗೂಡಿನಲ್ಲಿ ಭದ್ರವಾಗಿ ಕೂತಿತ್ತು. ದರ್ಜಿಯ ಹಲ್ಲು ಕಟಕಟಿಸುತ್ತಿದ್ದವು.

ಹಾವಿನ ಹೆಜ್ಜೆ ಹಾವೇ ಬಲ್ಲದು. ಕಾಡಿಗೆ ಬೆಂಕಿ ಹೇಗೆ ಬೀಳುತ್ತದೆ ಎಂಬುದನ್ನು ಬೂದಿಮಾವನಷ್ಟು ಬಲ್ಲವರು ಯಾರು? ಯಾರೋ ಕುಡಿದು ಎಸೆದ ಗಾಜಿನ ಬಾಟಲಿಗಳನ್ನು ಅವನು ಎಷ್ಟು ಆಯ್ದು ತಂದಿಲ್ಲ, ಗಾಜಿನ ಮೇಲೆ ಬಿಸಿಲು ಬಿದ್ದು ಒಣಸಗಣಿ ಹೊತ್ತಿಕೊಂಡೀತೆಂದು! ತಡೆಯಲು ಕಲಿತದ್ದನ್ನೆಲ್ಲ ಈಗ ತಿರುಗಾಮುರುಗಾ ಮಾಡಬೇಕಿತ್ತು. ದರ್ಜಿಯ ಕೊರಳಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ ನೇತಾಡುತ್ತಿತ್ತು, ಸೂಜಿಗಣ್ಣು ದೊಡ್ಡದಾಗಿ ಕಾಣುವ ದಪ್ಪ ಗಾಜಿನದು.

"ಕನ್ನಡಕ ಕೊಡು."

ಮರಳ ಮೇಲೆ, ಬೇರಿಲ್ಲದ ಜಾಗ ನೋಡಿ ಕೂತ. ಅದೂ ರೂಢಿಯೇ. ಬೇರಿದ್ದರೆ ಕೆಂಡ ಅದರೊಳಗೆ ಅವಿತು ಕೂರುತ್ತದೆ. ಒಣಹುಲ್ಲು ತಂದ, ನಿಂತೇ ಸತ್ತ ಮರದ ಕಡ್ಡಿ ಮುರಿದು ತಂದ, ಕಾಡೆಮ್ಮೆಯ ಒಣಸಗಣಿಯನ್ನು ಪುಡಿ ಮಾಡಿದ. ಕನ್ನಡಕದ ತಂತಿಯನ್ನು ಮೂಗಿನ ಹತ್ತಿರ ಮಡಚಿ ಎರಡು ಗಾಜನ್ನೂ ಒಂದರ ಮೇಲೊಂದು ತಂದು ಬಿಸಿಲಿಗೆ ಹಿಡಿದ. ಬೆಳಕಿನ ಚುಕ್ಕೆ ಸಗಣಿಯ ಮೇಲೆ ನಡುಗಿತು. ಏನೂ ಆಗಲಿಲ್ಲ. ಬಿಸಿಲು ಇಳಿಯುತ್ತಿತ್ತು.

"ಭಾವ," ಎಂದ ದರ್ಜಿ. ಕರೆದದ್ದು ಅವನಿಗೇ ಆಮೇಲೆ ತಿಳಿಯಿತು. "ಕಪ್ಪು ಬಟ್ಟೆ ಹಾಕಿ. ಕಪ್ಪು ಬೇಗ ಕಾಯುತ್ತೆ. ಬಿಸಿಲಲ್ಲಿ ಕಪ್ಪು ಕೋಟು ಹಾಕ್ಕೊಂಡೋರನ್ನ ಕೇಳಿ." ಒಳಜೇಬಿನಿಂದ, ನೀರು ತಾಗದ ಪ್ಲಾಸ್ಟಿಕ್ ಚೀಲದಿಂದ, ಕೋಟಿನ ಅಸ್ತರಿನ ಕಪ್ಪು ಹತ್ತಿಬಟ್ಟೆ ತೆಗೆದು, ಎಳೆ ಬಿಡಿಸಿ ಉಂಡೆ ಮಾಡಿ ಕೊಟ್ಟ. ನಡುಗುವ ಬೆರಳಿಗೂ ಎಳೆ ಬಿಡಿಸುವುದು ಮರೆತಿರಲಿಲ್ಲ.

ಬೂದಿಮಾವ ಉಂಡೆಯನ್ನು ಸಗಣಿಪುಡಿಯಲ್ಲಿ ಹುದುಗಿಸಿ ಮತ್ತೆ ಹಿಡಿದ. ಕೈ ಅಲುಗದಂತೆ ಉಸಿರು ಹಿಡಿದ. ಕೊನೆಗೆ ಕೂದಲೆಳೆಯಷ್ಟು ಹೊಗೆ ಎದ್ದಿತು. ಊದಿದ. ಕೆಂಪು ಹರಿದಾಡಿತು, ಹುಲ್ಲು ಚಟ್ ಎಂದಿತು, ಜ್ವಾಲೆ ಎದ್ದು ನಿಂತಿತು.

"ಹತ್ತಿತು! ಭಾವ, ಹತ್ತಿತು!" ದರ್ಜಿ ಸಣ್ಣ ಮಗುವಿನಂತೆ ಕೂಗಿದ.

ಬೂದಿಮಾವ ಆ ಬೆಂಕಿಯನ್ನು ನೋಡಿದ. ಕಾಡಿನಲ್ಲಿ ತಾನಾಗಿ ಹಚ್ಚಿದ ಮೊದಲ ಬೆಂಕಿ. ಸಂತೋಷ ಆಗಬೇಕಿತ್ತು. ಆಗಲಿಲ್ಲ. ಮೂರು ಕಲ್ಲಿಟ್ಟು ಡಬ್ಬಿ ಏರಿಸಿದ, ದರ್ಜಿಯ ಒದ್ದೆ ಅಂಗಿ ಬಿಚ್ಚಿ ಬೆಂಕಿಗೆ ಹಿಡಿದ, ತನ್ನ ಅಂಗಿಯನ್ನು ಅವನಿಗೆ ಹಾಕಿದ. ದರ್ಜಿಯ ತುಟಿಯ ನೀಲಿ ನಿಧಾನವಾಗಿ ಇಳಿಯಿತು. ಮೈ ಬೆಚ್ಚಗಾದರೆ ಬಾಯಿಯೂ ಬಿಡುತ್ತದೆ.

"ಒಂದು ಕೇಳ್ಲಾ ಭಾವ?"

"ಕೇಳು."

"ಅವತ್ತು ಆಸ್ಪತ್ರೇಲಿ ಯಾಕೆ ಹಾಗಂದ್ರಿ?"

ಬೂದಿಮಾವ ಕಡ್ಡಿಯೊಂದನ್ನು ಬೆಂಕಿಗೆ ದೂಡಿದ. "ನಾನು ಅನ್ಲಿಲ್ಲ. ಬಾಯಿ ಅಂತು."

"ಅದೊಂದು ಮಾತಾ?"

"ಅಲ್ಲ."

"ಒಂದು ಹನಿ ಕಣ್ಣೀರೂ ಹಾಕ್ಲಿಲ್ಲ ನೀವು."

"ಬರ್ಲಿಲ್ಲ."

ದರ್ಜಿಗೆ ಇನ್ನೂ ಏನೋ ಅನ್ನಬೇಕೆನಿಸಿತು. ಅಷ್ಟರಲ್ಲಿ ಡಬ್ಬಿಯಲ್ಲಿ ನೀರು ಕೊತಕೊತ ಕುದಿಯತೊಡಗಿತು. ಚೆನ್ನಾಗಿ ಕುದಿಯಲು ಬಿಟ್ಟು ಬೂದಿಮಾವ ಡಬ್ಬಿಯನ್ನು ಬಟ್ಟೆಯಿಂದ ಹಿಡಿದು ಇಳಿಸಿದ. "ಆರ್ಲಿ, ಆಮೇಲೆ ಕುಡಿ. ನಾಲಿಗೆ ಸುಟ್ಟೀತು." ದರ್ಜಿ ಡಬ್ಬಿಯನ್ನೇ ನೋಡುತ್ತ, ಅದರ ಆವಿಯನ್ನೇ ಕುಡಿಯುವವನಂತೆ ಬಂಡೆಗೆ ಒರಗಿದ.

ಸೂರ್ಯ ಗುಡ್ಡದ ಹಿಂದಕ್ಕೆ ಸರಿದ. ಇನ್ನು ಕನ್ನಡಕದಿಂದ ಪ್ರಯೋಜನವಿಲ್ಲ, ಇರುವ ಬೆಂಕಿಯೇ ಬೆಳಗಿನ ತನಕ. ಅದಕ್ಕೆ ಸೌದೆ ಸಾಲದು, ದೊಡ್ಡ ಕೊರಡು ಎರಡಾದರೂ ಬೇಕು. ಕತ್ತಲಾಗುವ ಮುಂಚೆ ತರಬೇಕೆಂದು ಬೂದಿಮಾವ ಎದ್ದು ನಿಂತ.

ಬೆಂಕಿಯ ಮುಂದಿನಿಂದ ಎದ್ದ ಅಷ್ಟೇ. ಉಳಿದದ್ದನ್ನು ಕೈ ಮಾಡಿತು. ಡಬ್ಬಿಯನ್ನು ಎತ್ತಿಕೊಂಡಿತು. ಬೆಂಕಿಯ ನಡುವೆ ಸುರಿಯಿತು, ಸುತ್ತ ಸುರಿಯಿತು. ಕೋಲಿನಿಂದ ಕಲಕಿತು, ಉಳಿದದ್ದನ್ನೂ ಸುರಿಯಿತು, ಒದ್ದೆ ಮರಳನ್ನು ಎಳೆದು ಮುಚ್ಚಿ ಕಾಲಿನಿಂದ ತುಳಿದು ಮತ್ತೆ ಕಲಕಿತು. ಆಮೇಲೆ ಅವನು ಬಗ್ಗಿ, ಕೈಯ ಹಿಂಬದಿಯನ್ನು ನಡುವೆ ಇಟ್ಟ, ಅಂಚಿಗಿಟ್ಟ, ಕಲ್ಲಿನ ಬುಡಕ್ಕಿಟ್ಟ. ನೆಟ್ಟಗೆ ನಿಂತು ಗುಡ್ಡದ ಕಡೆಗೆ ಕೂಗಿದ:

"ಆರಿತು!"

ಗುಡ್ಡ ಆ ಮಾತನ್ನು ತಿರುಗಿ ಹೇಳಿತು.

"ಭಾವ," ಎಂದ ದರ್ಜಿ ಮೆಲ್ಲಗೆ. "ನೀರು?"

ಬೂದಿಮಾವ ತನ್ನ ಕೈಲಿದ್ದ ಖಾಲಿ ಡಬ್ಬಿಯನ್ನು ನೋಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಹೇಳುವಾಗ ತುತ್ತನ್ನು ಬೇರೆ ಯಾರೋ ಕಸಿದಿರುತ್ತಾರೆ. ಇಲ್ಲಿ ಅದೇ ಕೈ.

ದರ್ಜಿ ನಗಲು ಶುರು ಮಾಡಿದ. ಮೊದಲು ಸಣ್ಣಗೆ, ಆಮೇಲೆ ಮುರಿದ ಕಾಲು ಅಲುಗಿ ನೋವಿಗೆ ಕಿರುಚುವಷ್ಟು. "ಅನ್ನ ಹೋಗಿ ಅಕ್ಕಿಯಾಗಿರುತ್ತೆ ಅಂತಿದ್ಲು ಅಕ್ಕ. ಅಯ್ಯೋ ಅಕ್ಕಾ, ನೋಡ್ಬಾರೆ, ನಿನ್ನ ಗಂಡ ಏನ್ ಮಾಡಿದ್ರು ನೋಡ್ಬಾರೆ..." ನಗು ಎಲ್ಲಿ ಮುಗಿಯಿತು, ಅಳು ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ.

ಬೂದಿಮಾವ ಮಂಡಿಯೂರಿದ. ಎರಡೂ ಕೈಗಳನ್ನು ಆ ಬೂದಿರಾಡಿಗೆ ಹಾಕಿದ. ಕೆದಕಿದ, ಒಂದೊಂದು ಇದ್ದಲನ್ನೂ ಎತ್ತಿ ಕೈಯ ಹಿಂಬದಿಗೆ ತಾಗಿಸಿದ, ತುಟಿಗೆ ತಾಗಿಸಿದ, ಊದಿದ. ತಣ್ಣಗಿತ್ತು. ಇನ್ನೊಂದು, ತಣ್ಣಗೆ. ಬದುಕಿನಲ್ಲಿ ಮೊದಲ ಸಲ ತನ್ನ ಕೆಲಸ ಕೆಟ್ಟಿರಲಿ ಎಂದು ಬೇಡಿಕೊಂಡ. ಎಲ್ಲಾದರೂ ಒಂದು ಮೂಲೆಯಲ್ಲಿ ತಾನು ಸೋಮಾರಿತನ ಮಾಡಿರಲಿ, ಒಂದು ಬೇರು ಕಣ್ಣು ತಪ್ಪಿಸಿರಲಿ. ಬೇರಿಲ್ಲದ ಜಾಗವನ್ನು ಅವನೇ ಆರಿಸಿದ್ದ. ಕೆಲಸ ಅಚ್ಚುಕಟ್ಟಾಗಿತ್ತು. ಯಾವ ಸಾಹೇಬರು ಬಂದು ನೋಡಿದರೂ ಒಂದು ತಪ್ಪು ಸಿಗುತ್ತಿರಲಿಲ್ಲ.

ಅವನ ಎದೆಯೊಳಗೆ ಆಗ ಏನೋ ಅಲುಗಿತು. ನೋವು ಎನ್ನುವಷ್ಟಲ್ಲ, ಮರಗಟ್ಟಿದ ಕಾಲಿಗೆ ರಕ್ತ ಹರಿಯುವಾಗ ಸೂಜಿ ಚುಚ್ಚುತ್ತದಲ್ಲ, ಅಂಥದ್ದು. ಹೆದರಿಕೆ ಅದು. ಹೆದರಿಕೆ ಹೇಗಿರುತ್ತದೆ ಎಂಬುದೇ ಅವನಿಗೆ ಮರೆತುಹೋಗಿತ್ತು.

ಒಲೆಯ ಮೂರು ಕಲ್ಲುಗಳು ಮಾತ್ರ ಇನ್ನೂ ಉಗುರುಬೆಚ್ಚಗಿದ್ದವು. ಅವನ್ನು ಬಟ್ಟೆಯಲ್ಲಿ ಸುತ್ತಿ ದರ್ಜಿಯ ಹೊಟ್ಟೆಗೂ ಕಂಕುಳಿಗೂ ಇಟ್ಟ. ಅಂಗಿಯೊಳಗೆ ಒಣಹುಲ್ಲು, ಒಣಎಲೆ ತುರುಕಿದ. ನೆಲಕ್ಕೂ ಹುಲ್ಲು ಹಾಸಿದ. ಮರಳಿನ ಗುಂಡಿಯಿಂದ ಮತ್ತೆ ನೀರು ಸೋಸಿ ತಂದು ಕುದಿಸದೆಯೇ ಕುಡಿಸಿದ. ಬೇರೆ ದಾರಿಯಿರಲಿಲ್ಲ, ಹೊಟ್ಟೆ ಕೆಡುವುದು ನಾಳಿನ ಮಾತು, ನಾಳೆ ಇದ್ದರೆ. ಆಮೇಲೆ ದರ್ಜಿಯ ಬೆನ್ನಿಗೆ ತನ್ನ ಎದೆ ಕೊಟ್ಟು, ಎರಡೂ ಕೈಯಿಂದ ಬಳಸಿ ಮಲಗಿದ. ಕಲ್ಲುಗಳು ಬೇಗ ತಣ್ಣಗಾದವು.

ಆ ರಾತ್ರಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಚಳಿ ಇತ್ತು. ದರ್ಜಿ ನಡುಗುತ್ತಿದ್ದ, ಆಮೇಲೆ ನಡುಕವೂ ನಿಂತಿತು, ಅದು ಇನ್ನೂ ಕೆಟ್ಟದ್ದು. ಬೂದಿಮಾವ ಕತ್ತಲಲ್ಲಿ ಕೈಯ ಹಿಂಬದಿಯನ್ನು ಅವನ ಕುತ್ತಿಗೆಗೆ ಇಟ್ಟು ನೋಡುವನು, ತೆಗೆಯುವನು, ಹೆದರಿ ಮತ್ತೆ ಇಡುವನು. ಅಂಗಾಲು ತಣ್ಣಗೆ, ಕೈ ತಣ್ಣಗೆ, ಹಣೆ ತಣ್ಣಗೆ. ಕುತ್ತಿಗೆಯಲ್ಲಿ ಮಾತ್ರ ಬಿಸಿ, ಇದೆಯೋ ಇಲ್ಲವೋ ಎಂಬಷ್ಟು. ಅವನ ಕೈಯೇ ಚಳಿಗೆ ಮರಗಟ್ಟಿ, ಯಾವುದು ತನ್ನ ತಣುಪು, ಯಾವುದು ಅವನದು ಎಂದು ತಿಳಿಯದೆ ಹೋಯಿತು. ಆಗ ಕೈಯನ್ನು ತನ್ನ ಕಂಕುಳಲ್ಲಿಟ್ಟು ಬಿಸಿ ಮಾಡಿಕೊಂಡು ಮತ್ತೆ ನೋಡುವನು. ಬಾಯಿಗೆ ಆ ಮಾತು ಬರದಿರಲಿ ಎಂದು ಹಲ್ಲು ಕಚ್ಚಿ ಹಿಡಿದಿದ್ದ. ಹೆಂಡತಿಯ ಹಣೆ ನೆನಪಾಯಿತು. ಅವತ್ತು ಕೈ ಮುಟ್ಟಿತ್ತು, ಇವನು ಮುಟ್ಟಿರಲಿಲ್ಲ. ಈಗ, ಇಷ್ಟು ದಿನದ ಮೇಲೆ, ಆ ತಣ್ಣನೆಯ ಹಣೆ ಅವನಿಗೆ ತಾಗಿತು. ಅವಳು ಹೋದಳು ಎಂಬುದು ಆ ಹಳ್ಳದಲ್ಲಿ ಅವನಿಗೆ ತಿಳಿಯಿತು, ಅವಳ ತಮ್ಮನನ್ನು ತಬ್ಬಿಕೊಂಡು ಮಲಗಿದ್ದಾಗ. ಅತ್ತ. ಸದ್ದಿಲ್ಲದೆ, ಮೂಗು ಸೋರುವಷ್ಟು ಅತ್ತ.

ಗೇಟಿನವನು ಸಂಜೆ ಬೀಗ ಹಾಕುವ ಮುಂಚೆ ಹಲಗೆಯ ಕಡೆ ಕಣ್ಣು ಹಾಯಿಸಿದ್ದ. ಒಂದು ಗೂಡಿನಲ್ಲಿ ದರ್ಜಿಯ ಬೆಂಕಿಪೊಟ್ಟಣವೂ ಬೀಡಿ ಕಟ್ಟೂ ಹಾಗೇ ಇದ್ದವು. ಬೀಡಿ ಸೇದುವವನು ಬೀಡಿ ಬಿಟ್ಟು ಊರಿಗೆ ಹೋಗುವುದಿಲ್ಲ. ಜನ ಕರೆದು, ಬೆಳಕು ಹರಿಯುತ್ತಲೇ ಹುಡುಕಲು ಹೊರಟ. ಜರಿದ ದಾರಿಯ ಹತ್ತಿರ ಬಂದು, ಜಾರಿದ ಕಲ್ಲಿನ ಹಸಿ ಗುರುತು ಕಂಡು, ಹಳ್ಳದ ಅಂಚಿಗೆ ನಿಂತು ಬಗ್ಗಿ ನೋಡಿದ. ಕೆಳಗೆ ಮರಳಿನ ಮೇಲೆ ಎಲೆಯ ರಾಶಿಯೊಳಗೆ ಇಬ್ಬರು, ಅಲುಗುತ್ತಿರಲಿಲ್ಲ. ಪಕ್ಕದಲ್ಲಿ ಚೆನ್ನಾಗಿ ಆರಿಸಿದ ಒಂದು ಬೆಂಕಿ. ಅವನಿಗೆ ಏನು ಕೇಳಬೇಕೆಂದು ತೋಚದೆ, ಬೇಸಿಗೆಯಲ್ಲಿ ಬೆಂಕಿ ಬಿದ್ದಾಗ ಮೇಲಿನಿಂದ ಕೇಳುವುದನ್ನೇ ಕೇಳಿದ:

"ಮಾವಾ! ಹೇಗಿದೆ ಕೆಳಗೆ?"

ಬೂದಿಮಾವ ಕಣ್ಣು ಬಿಟ್ಟ. ಬೆರಳುಗಳು ಮಡಚುತ್ತಿರಲಿಲ್ಲ. ಕೈಯ ಹಿಂಬದಿಯನ್ನು ದರ್ಜಿಯ ಹಣೆಗಿಟ್ಟ. ತಣ್ಣಗೆ. ಅಂಗೈಗಿಟ್ಟ. ತಣ್ಣಗೆ. ಕಾಲರಿನ ಒಳಗೆ, ಹುಲ್ಲು ಸರಿಸಿ, ಕುತ್ತಿಗೆಯ ಮಡಿಕೆಗೆ ಇಟ್ಟು ಉಸಿರು ಬಿಗಿಹಿಡಿದ.

"ಇನ್ನೂ ಇದೆ!" ಎಂದು ಕೂಗಿದ.

ಗುಡ್ಡದ ಮೇಲೆ ಕಾಲ್ಸಪ್ಪಳ, ಕಲ್ಲುರುಳುವ ಸದ್ದು. ಅವನಿಗೆ ಅದು ಕೇಳಿಸಲೇ ಇಲ್ಲ. "ಇನ್ನೂ ಇದೆ! ಬನ್ರೋ, ಇನ್ನೂ ಇದೆ!" ಎಂದು ಗಂಟಲು ಹರಿಯುವ ಹಾಗೆ ಕೂಗುತ್ತಲೇ ಇದ್ದ.

"ಸಾಕು ಭಾವ," ಎಂದ ದರ್ಜಿ, ಕಣ್ಣು ಬಿಡದೆ, ತುಟಿ ಅಲುಗಿತೋ ಇಲ್ಲವೋ ಎಂಬಂತೆ. "ಕೇಳಿಸ್ತು ಅವ್ರಿಗೆ."

ಬೂದಿಮಾವ ಕೈ ತೆಗೆಯಲಿಲ್ಲ.